ಸೊಂಟ ಅವರದು, ಸೂಜಿ ನನಗೆ

ಮೊನ್ನೆ ಸೋಮವಾರದ ಪೂಜೆಗೆ ಹೂವು ತರಲೆಂದು ಚಾಮರಾಜನಗರದ ಮಾರ್ಕೆಟ್ಟಿಗೆ ಹೋಗಿದ್ದೆ. ನಾನು ಯಾವಾಗಲೂ ಹೂವು ಕೊಳ್ಳುವ ಅಜ್ಜಿಯ ಜಾಗದಲ್ಲಿ ಹೊಸಬಳೊಬ್ಬಳು ಕೂತು, ಕನಕಾಂಬರದ ನಡುನಡುವೆ ಮಾಚಿಪತ್ರೆ ಇಟ್ಟು ಕಟ್ಟುತ್ತಿದ್ದಳು. ಒಂದು ಎಲೆ ತೆಗೆದು ಹಿಸುಕಿ ಮೂಗಿಗೆ ಹಿಡಿದೆ ನೋಡಿ, ಎಡಗಾಲಿನ ಕಿರುಬೆರಳು ಚುರ್ ಎಂದಿತು. ಮಾಚಿಪತ್ರೆ ಎಂದರೆ ನಿಮಗೆ ದೇವರ ಮನೆಯೋ ಮೊಗ್ಗಿನ ಜಡೆಯೋ ನೆನಪಾಗಬಹುದು. ನನಗೆ ನೆನಪಾಗುವುದು ಗುಂಡ್ಲುಪೇಟೆಯ ಒಂದು ಮಹಡಿ, ಒಂದು ಹಸಿರು ಪರದೆ, ಮತ್ತು ನನ್ನ ಹೊಟ್ಟೆಯ ಮೇಲೆ ನೆಟ್ಟಗೆ ನಿಂತ ಆರು ಸೂಜಿಗಳು. ಯಾಕೆಂದು ಹೇಳುತ್ತೇನೆ, ನಿಮಗೆ ಬಿಡುವಿದೆ ತಾನೆ?

ಆಗ ನಮಗೆ ಮದುವೆಯಾಗಿ ಆರು ವರ್ಷ. ಮಕ್ಕಳಾಗಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಹತ್ತನೇ ಕ್ಲಾಸಿಗೆ ಸಂತಾನೋತ್ಪತ್ತಿಯ ಪಾಠವನ್ನು ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು ವಿವರಿಸುವವಳು ನಾನೇ. ಪ್ರತಿ ವರ್ಷ ಆ ಚಿತ್ರ ಬರೆಯುವಾಗ, ಇಷ್ಟು ಸಲೀಸಾಗಿ ಬೋರ್ಡಿನ ಮೇಲೆ ಆಗುವುದು ನನ್ನ ಮೈಯಲ್ಲಿ ಯಾಕಾಗುವುದಿಲ್ಲ ಎಂದು ರೇಗುತ್ತಿತ್ತು. ಮೈಸೂರಿನ ಡಾಕ್ಟರು ಇಬ್ಬರನ್ನೂ ಪರೀಕ್ಷೆ ಮಾಡಿ, ದೊಡ್ಡ ದೋಷವೇನೂ ಇಲ್ಲ ಎಂದು ಮಾತ್ರೆ ಕೊಟ್ಟಿದ್ದರು. ದೋಷವಿದ್ದಿದ್ದರೆ ಬೈಯುವುದಕ್ಕಾದರೂ ಏನೋ ಒಂದು ಸಿಗುತ್ತಿತ್ತು. ತಿಂಗಳು ತಿಂಗಳೂ ಲೆಕ್ಕ ಹಾಕಿ, ಕಾದು, ಬಾತ್‌ರೂಮಿನಲ್ಲಿ ಅತ್ತು, ಮುಖ ತೊಳೆದು ಸ್ಕೂಲಿಗೆ ಹೋಗುತ್ತಿದ್ದೆ. ನಿದ್ದೆ ಅನ್ನುವುದು ಮರೆತೇಹೋಗಿತ್ತು.

ಗುಂಡ್ಲುಪೇಟೆಯಲ್ಲಿ ಕೇರಳದ ಕಡೆಯ ಡಾಕ್ಟರಮ್ಮ ಒಬ್ಬರು ಅಕ್ಯುಪಂಕ್ಚರ್ ಮಾಡುತ್ತಾರೆಂದು ಹೇಳಿದ್ದು ನಮ್ಮ ಕನ್ನಡ ಮೇಡಂ. ಮೈಸೂರಿನ ಡಾಕ್ಟರನ್ನು ಕೇಳಿದೆ. ಮನಸ್ಸಿಗೆ ನೆಮ್ಮದಿ ಅನ್ನಿಸಿದರೆ ಮಾಡಿಸಿಕೊಳ್ಳಿ, ಮಾತ್ರೆ ಮಾತ್ರ ಬಿಡಬೇಡಿ ಎಂದರು. ಡಾಕ್ಟರಮ್ಮನೂ ಮೊದಲ ದಿನವೇ ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಮಗು ಕೊಡೋದು ನನ್ನ ಕೈಲಿಲ್ಲ. ನಿದ್ದೆ ಬರಿಸ್ತೀನಿ, ಟೆನ್ಷನ್ ಇಳಿಸ್ತೀನಿ, ಅಷ್ಟೇ, ಕೇಟ್ಟೋ." ಪ್ರತಿ ಮಾತಿನ ತುದಿಗೂ ಒಂದು 'ಕೇಟ್ಟೋ' ಸೇರಿಸುವುದು ಅವರ ರೂಢಿ. ಕೇಳಿಸಿತಲ್ಲ ಎಂದು ಅದರರ್ಥವಂತೆ. ನನಗೆ ಕೇಳಿಸಿತ್ತು. ಆದರೆ ಆಸೆಗೆ ಕಿವಿಯಿಲ್ಲ ನೋಡಿ, ಕೊಟ್ಟರೂ ಕೊಟ್ಟಾರು ಎಂದುಕೊಂಡೇ ಮಲಗಿದೆ.

ತೊಂದರೆ ಇದ್ದದ್ದು ಮನೆಯಲ್ಲಿ, ನಮ್ಮತ್ತೆಯವರಿಗೆ ಏನು ಹೇಳುವುದು ಎಂಬುದು. ನಮ್ಮತ್ತೆ ಕೆಟ್ಟವರಲ್ಲ. ಆರು ವರ್ಷದಲ್ಲಿ ಒಂದು ದಿನವೂ ನನಗೆ ಬಂಜೆ ಗಿಂಜೆ ಎಂದವರಲ್ಲ. ಆದರೆ ಅವರ ಕಿವಿಗೆ ಬಿದ್ದ ಸುದ್ದಿ ಮುಂದಿನ ಬಸ್ಸಿಗೇ ಅವರ ತವರು ಉಮ್ಮತ್ತೂರಿಗೆ ಹತ್ತಿರುತ್ತಿತ್ತು. ಅಲ್ಲಿಂದ ಅದು ನೆಂಟರಿಷ್ಟರ ಮನೆಗಳನ್ನೆಲ್ಲ ಸುತ್ತಿ, 'ಪಾಪ' ಎಂಬ ಒಂದು ಮಾತು ಕಟ್ಟಿಕೊಂಡು ನನ್ನ ಹತ್ತಿರವೇ ವಾಪಸು ಬರುತ್ತಿತ್ತು. ಆ 'ಪಾಪ' ನನಗೆ ಬೇಡವಾಗಿತ್ತು. ಹಾಗಾಗಿ ಸುಳ್ಳು ಹೇಳಿದೆ. ನಮ್ಮ ಯಜಮಾನರದು ಗೊಬ್ಬರ, ಬಿತ್ತನೆಬೀಜದ ಅಂಗಡಿ. ಮೂಟೆ ಎತ್ತಿ ಎತ್ತಿ ಅವರಿಗೆ ಸೊಂಟ ಹಿಡಿದುಕೊಂಡಿದೆ, ಗುಂಡ್ಲುಪೇಟೆಯಲ್ಲಿ ಚಿಕಿತ್ಸೆ, ವಾರಕ್ಕೊಮ್ಮೆ ಹೋಗಬೇಕು ಎಂದೆ. ಯಜಮಾನರನ್ನು ಮೊದಲೇ ಒಂದು ಮಾತು ಕೇಳಬೇಕಿತ್ತು. ಕೇಳಿರಲಿಲ್ಲ. ಅವರು ಆಗಷ್ಟೇ ಅಟ್ಟದ ಮೇಲಿಂದ ಅಕ್ಕಿಮೂಟೆ ಇಳಿಸುತ್ತಿದ್ದರು.

ಅಂದಿನಿಂದ ಶುರುವಾಯಿತು ನಾಟಕ. ಶನಿವಾರ ಬೆಳಗಿನ ಸ್ಕೂಲು ಮುಗಿಸಿ ನಾನು ಬರುವಷ್ಟರಲ್ಲಿ ಯಜಮಾನರು ಅಮ್ಮನೆದುರು ಕುರ್ಚಿಯಿಂದ ಏಳುವಾಗ 'ಅಪ್ಪಾ' ಎನ್ನಬೇಕು. ಒಂದು ವಾರ ಬಲಗಡೆ ಹಿಡಿದುಕೊಂಡರೆ ಇನ್ನೊಂದು ವಾರ ಎಡಗಡೆ. ಒಮ್ಮೆಯಂತೂ ಸೊಂಟ ಮರೆತು ಕುಂಟಿದರು. ಕ್ಲಿನಿಕ್ಕಿನಲ್ಲಿ ನಾನು ಮಂಚದ ಮೇಲೆ ಮಲಗಿದರೆ ಅವರು ನನ್ನ ವ್ಯಾನಿಟಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಸೂಜಿ ಕಂಡರೆ ಅವರಿಗೆ ತಲೆ ಸುತ್ತುತ್ತದೆ. ಕೂದಲಿನಷ್ಟು ಸಣ್ಣ ಸೂಜಿಗಳು, ಕಿವಿಯಲ್ಲೊಂದು, ಹಣೆಯಲ್ಲೊಂದು, ಎರಡು ಕೈಗೂ ಒಂದೊಂದು, ಹೊಟ್ಟೆಯ ಮೇಲೆ ಆರು, ಕಾಲಿನ ಕಿರುಬೆರಳಿಗೊಂದು. ಆಮೇಲೆ ಡಾಕ್ಟರಮ್ಮ ಒಣಗಿದ ಎಲೆಯ ಬತ್ತಿಯೊಂದನ್ನು ಹೊತ್ತಿಸಿ ಹೊಕ್ಕುಳ ಹತ್ತಿರ ಬಿಸಿ ತೋರಿಸುತ್ತಿದ್ದರು. ಅದು ನಮ್ಮ ಮಾಚಿಪತ್ರೆಯ ಜಾತಿಯದೇ ಎಲೆಯಂತೆ. ಅಲ್ಲಾಡಬಾರದು ಎಂದು ಹೇಳಿ ಅವರು ಆಚೆ ಹೋದರೋ ಇಲ್ಲವೋ, ನನ್ನ ಮೂಗು ಕಡಿಯುವುದಕ್ಕೆ ಶುರು. ಊಟಿ ರಸ್ತೆಯ ಬಸ್ಸುಗಳ ಹಾರ್ನ್ ಕೇಳುತ್ತಾ ಇಪ್ಪತ್ತು ನಿಮಿಷ ಕಳೆಯಬೇಕು. ನಾಲ್ಕನೆಯ ವಾರ ನನಗೆ ಅಲ್ಲೇ ಗೊರಕೆ ಬಂತಂತೆ. ಎಷ್ಟೋ ತಿಂಗಳ ಮೇಲೆ ಬಂದ ನಿದ್ದೆ ಅದು.

ಇತ್ತ ನಮ್ಮತ್ತೆ ಸುಮ್ಮನೆ ಕೂರುವವರೇ? ಮೂರು ತಿಂಗಳಾದರೂ ಮಗನ ಸೊಂಟ ಸರಿಹೋಗಲಿಲ್ಲವಲ್ಲ ಎಂದು ಅವರಿಗೆ ಸಂಕಟ. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟದ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ಹಳೇ ನಂಬಿಕೆ. ಭೀಮನಬೀಡಿನಲ್ಲಿರುವ ನಮ್ಮ ಯಜಮಾನರ ಸೋದರತ್ತೆ ಪುಟ್ಟಮಾದಮ್ಮ ಹಾಗೆ ಹುಟ್ಟಿದವರು. ಒಂದು ಭಾನುವಾರ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದರೆ ಬಾಗಿಲಲ್ಲಿ ಪುಟ್ಟಮಾದಮ್ಮ ನಿಂತಿದ್ದರು. ಅರವತ್ತು ದಾಟಿದ್ದರೂ ಆಗಲೂ ಹೊಲದಲ್ಲಿ ದುಡಿಯುವ ಹೆಂಗಸು. ಅವರ ಪಾದ ನೋಡಿಯೇ ನಮ್ಮ ಯಜಮಾನರ ಮುಖ ಸಣ್ಣದಾಯಿತು.

ಚಾಪೆ ಹಾಸಿ, ಪೂರ್ವಕ್ಕೆ ತಲೆ ಮಾಡಿ, ಬೋರಲು ಮಲಗಿಸಿದರು. ಮೂರು ಸಲ ಒದೆಯಬೇಕು ಎಂಬುದು ಶಾಸ್ತ್ರ. ಸಾಮಾನ್ಯವಾಗಿ ಕಾಲು ಮುಟ್ಟಿಸಿ ಬಿಡುತ್ತಾರಂತೆ. ಆದರೆ ಪುಟ್ಟಮಾದಮ್ಮ ಅಷ್ಟು ದೂರ ಬಸ್ಸಿನಲ್ಲಿ ಬಂದದ್ದು ಮುಟ್ಟಿಸಿ ಹೋಗುವುದಕ್ಕಲ್ಲ. ಯಜಮಾನರು ಚಾಪೆಯ ಮೇಲಿಂದ ಕತ್ತು ಹೊರಳಿಸಿ ನನ್ನನ್ನು ನೋಡಿದರು. ನಾನೊಂದು ಮಾತು ನಿಜ ಹೇಳಿದ್ದರೆ ಅವರು ಎದ್ದು ಹೋಗಿ ದೋಸೆ ತಿನ್ನಬಹುದಿತ್ತು. ಹೇಳಲಿಲ್ಲ. ಇಂದಿಗೂ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ, ಜೊತೆಗೆ ನಗುವೂ ಬರುತ್ತದೆ. ಮೊದಲ ಎರಡು ಒದೆತಕ್ಕೆ ಅವರು ಹೇಗೋ ತಡೆದುಕೊಂಡರು. ಮೂರನೆಯದಕ್ಕೆ ಒಳಗೆಲ್ಲೋ ಕಳಕ್ ಎಂದದ್ದು ಅಡುಗೆಮನೆಗೂ ಕೇಳಿಸಿತು. ಬುಟ್ಟೋಯ್ತು ಉಳುಕು ಎಂದು ಪುಟ್ಟಮಾದಮ್ಮ ಸೀರೆ ಸರಿಮಾಡಿಕೊಂಡು ದೋಸೆಗೆ ಕೂತರು. ನಮ್ಮ ಯಜಮಾನರು ಮಾತ್ರ ಚಾಪೆಯಿಂದ ಏಳಲಿಲ್ಲ.

ಆ ಶನಿವಾರ ಅತ್ತೆ ತಾವೂ ಬರುತ್ತೇನೆಂದು ಹಟ ಹಿಡಿದರು. ಅದೇನು ಚಿಕಿತ್ಸೆಯೋ ಕಣ್ಣಾರೆ ನೋಡಬೇಕಂತೆ. ಬೇಡ ಎನ್ನಲು ನನಗೆ ಬಾಯಿಲ್ಲ, ಯಜಮಾನರಿಗೆ ಉಸಿರಿಲ್ಲ. ಕಾರು ಮಾಡಿಕೊಂಡು ಹೋದೆವು. ಮಹಡಿ ಮೆಟ್ಟಿಲು ಹತ್ತಿಸುವಷ್ಟರಲ್ಲಿ ಮೂವರಿಗೂ ಸಾಕಾಯಿತು. ಡಾಕ್ಟರಮ್ಮ ಎಂದಿನಂತೆ ನನ್ನನ್ನು ಮಂಚಕ್ಕೆ ಕರೆದು ಸೂಜಿಯ ಪೊಟ್ಟಣ ಒಡೆದರು. ಹೊಟ್ಟೆ, ಕೈ ಎಲ್ಲ ಮುಗಿದು ಹಣೆಗೆ ಸೂಜಿ ಇಳಿದದ್ದೇ ತಡ, ನಮ್ಮತ್ತೆ ಎದ್ದು ನಿಂತು ಕೇಳಿದರು:

"ಅಲ್ಲ ಕಣವ್ವ, ಸ್ವಂಟ ಅವುಂದು, ಸೂಜಿ ಇವಳ್ಗ್ಯಾಕೆ?"

ಡಾಕ್ಟರಮ್ಮನಿಗೆ ನಮ್ಮ ನಾಟಕ ಏನು ಗೊತ್ತು, ಪಾಪ. "ಮಗು ಬೇಕು ಅಂತ ಬರೋದು ಇವರಲ್ವಾ ಅಮ್ಮಾ? ಮೂರು ತಿಂಗಳಿಂದ ಬರ್ತಿದಾರೆ, ಕೇಟ್ಟೋ," ಎಂದರು.

ನಾನು ಕಣ್ಣು ಮುಚ್ಚಿಕೊಂಡೆ. ಎದ್ದು ಓಡೋಣವೆಂದರೆ ಹೊಟ್ಟೆಯ ತುಂಬ ಸೂಜಿ. ಡಾಕ್ಟರಮ್ಮ ಪಕ್ಕದ ಮಂಚದಲ್ಲಿ ಯಜಮಾನರನ್ನೂ ಮಲಗಿಸಿ ಸೊಂಟಕ್ಕೆ ನಿಜವಾಗಿಯೂ ಸೂಜಿ ಹಾಕಿದರು. ಅವರು ಗೋಡೆಯ ಕಡೆ ಮುಖ ಮಾಡಿ ದೇವರ ಹೆಸರು ಹೇಳುತ್ತಿದ್ದರು. ಡಾಕ್ಟರಮ್ಮ ಆಚೆ ಹೋದ ಮೇಲೆ ಅತ್ತೆ ಸ್ಟೂಲು ಎಳೆದುಕೊಂಡು ಎರಡು ಮಂಚದ ನಡುವೆ ಕೂತರು.

"ಒಂದ್ ಮಾತ್ ಯೋಳ್ಬಾರ್ದಿತ್ತಾ ಕಣಮ್ಮಿ? ನಾನೇನು ಊರ್ಗೆಲ್ಲ ಸಾರ್ತಿದ್ನಾ?" ಎಂದರು. ಆಮೇಲೆ ತಾವೇ ಯೋಚಿಸಿ, "ಸಾರ್ತಿದ್ದೆ ಬುಡು," ಎಂದರು.

ನಗು ಬಂತು. ನಕ್ಕರೆ ಹೊಟ್ಟೆಯ ಮೇಲಿನ ಸೂಜಿಗಳೆಲ್ಲ ಕುಣಿದವು. ನಗುತ್ತಲೇ ಅಳು ಬಂತು, ಒರೆಸಿಕೊಳ್ಳಲು ಕೈ ಎತ್ತುವ ಹಾಗಿಲ್ಲ. ಅತ್ತೆ ನನ್ನನ್ನು ಮುಟ್ಟಬೇಕೆಂದು ಕೈ ಚಾಚಿದರು. ಹಣೆಯಲ್ಲಿ ಸೂಜಿ, ಕೈಯಲ್ಲಿ ಸೂಜಿ. ಎಲ್ಲಿ ಮುಟ್ಟಿದರೆ ಏನಾಗುತ್ತದೋ ಎಂದು ಹೆದರಿ ಹುಡುಕಿ ಹುಡುಕಿ, ಕೊನೆಗೆ ನನ್ನ ಹೆಬ್ಬೆರಳೊಂದನ್ನು ಹಿಡಿದುಕೊಂಡರು. ಇಪ್ಪತ್ತು ನಿಮಿಷವೂ ಬಿಡಲಿಲ್ಲ. ಮನೆಗೆ ವಾಪಸಾಗುವಾಗ ಮಾತ್ರ ಸರಿಯಾಗಿ ಬೈದರು, ಗಟ್ಟಿಮುಟ್ಟಾಗಿದ್ದ ಮಗನ ಸೊಂಟವನ್ನು ತಮ್ಮ ಕೈಯಿಂದಲೇ ಮುರಿಸಿದೆ ಎಂದು.

ಆಮೇಲೆ ನಡೆದದ್ದನ್ನು ನೀವು ನಂಬುವುದಿಲ್ಲ. ನಮ್ಮತ್ತೆ ಯಾರಿಗೂ ಹೇಳಲಿಲ್ಲ. ಶನಿವಾರ ಶನಿವಾರ ಎಲ್ಲಿಗೆ ಹೋಗುತ್ತೀರಿ ಎಂದು ಉಮ್ಮತ್ತೂರಿನವರು ಕೇಳಿದರೆ, ತಮಗೇ ಮಂಡಿನೋವು ಎಂದುಬಿಟ್ಟರು. ನೆಂಟರ ಮನೆಗಳಿಂದ ಆರು ಸೀಸೆ ಎಣ್ಣೆ ಬಂದವು. ಮಂಡಿ ಚೆನ್ನಾಗಿಯೇ ಇದ್ದರೂ ಬಂದವರ ಎದುರಿಗೆಲ್ಲ ಅವರು ಕೂತು ಎಣ್ಣೆ ತಿಕ್ಕಿಕೊಂಡರು.

ಮೈಸೂರಿನ ಚಿಕಿತ್ಸೆ ನಡೆಯುತ್ತಲೇ ಇತ್ತು. ಮರುವರ್ಷ ಒಂದು ಸಲ ಗರ್ಭ ನಿಂತಿತು, ಏಳು ವಾರಕ್ಕೆ ಹೋಯಿತು. ಅದನ್ನು ನಾನು ಉದ್ದ ಮಾಡಿ ಹೇಳಲಾರೆ. ಡಾಕ್ಟರಮ್ಮ ಆ ಶನಿವಾರ ಸೂಜಿ ಹಾಕಲಿಲ್ಲ, ಚಹಾ ಮಾಡಿ ಕೊಟ್ಟು ಪಕ್ಕದಲ್ಲಿ ಕೂತರು. ಅತ್ತೆ ಸ್ಟೂಲಿನಲ್ಲಿ ಕೂತಿದ್ದರು, ಯಜಮಾನರು ನನ್ನ ಬ್ಯಾಗು ಹಿಡಿದು ನಿಂತಿದ್ದರು. ಇನ್ನೂ ಎರಡು ವರ್ಷ ನೋಡಿದೆವು. ಆಮೇಲೆ ಸಾಕು ಎಂದೆ ನಾನು. ಅತ್ತೆಯಾಗಲಿ ಯಜಮಾನರಾಗಲಿ ಯಾಕೆ ಎಂದು ಕೇಳಲಿಲ್ಲ. ನಿದ್ದೆಯೊಂದು ಉಳಿದುಕೊಂಡಿತು. ಡಾಕ್ಟರಮ್ಮ ಕೊಡುತ್ತೇನೆಂದದ್ದೂ ಅಷ್ಟನ್ನೇ.

ಮಕ್ಕಳ ವಿಷಯದಲ್ಲಿ ನನ್ನ ಸುಳ್ಳು ಮಾತ್ರ ನಿಂತಿರಲಿಲ್ಲ. ಈಗಲೇ ಬೇಡ ಅಂದಿದ್ದೀವಿ ಎಂದು ಕೆಲವು ವರ್ಷ ತಳ್ಳಿದೆ. ಒಮ್ಮೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ ಇಬ್ಬರು ಮಕ್ಕಳೆಂದು ಹೇಳಿ, ಹೆಸರೂ ಇಟ್ಟು, ಯಾವ ಕ್ಲಾಸು, ಎಷ್ಟು ಮಾರ್ಕ್ಸು ಎಂದು ಅವರು ಕೇಳುತ್ತಾ ಹೋದಂತೆ ತೆರಕಣಾಂಬಿ ಬರುವವರೆಗೆ ಬೆವರಿದ್ದೇನೆ.

ಮೊನ್ನೆಯೂ ಆ ಹೂವಿನವಳು ಮೊಳ ಹಾಕುತ್ತಾ, ಎಲ್ಲರೂ ಕೇಳುವ ಹಾಗೆಯೇ ಕೇಳಿದಳು, ಮಕ್ಕಳೆಷ್ಟು ಅಕ್ಕ ಎಂದು. ಮಾಚಿಪತ್ರೆ ಇನ್ನೂ ನನ್ನ ಬೆರಳಲ್ಲಿತ್ತು. ಬಾಯಿಗೆ ಸುಳ್ಳೊಂದು ಬರುವ ಮೊದಲೇ ನಿಜ ಬಂದುಬಿಟ್ಟಿತು.

"ಮಕ್ಕಳಿಲ್ಲ ಕಣವ್ವ. ಬಾಳ ಆಸೆ ಇತ್ತು. ಮೈಸೂರ್ಗೆ ತಿರುಗಿದ್ದಾಯ್ತು, ಗುಂಡ್ಲುಪೇಟೇಲಿ ಸೂಜಿ ಚುಚ್ಚಿಸ್ಕೊಂಡಿದ್ದೂ ಆಯ್ತು. ಆಗ್ನಿಲ್ಲ."

ಹೂವಿನವಳು ಹಾರ ಹಿಡಿದು ನನ್ನನ್ನೇ ನೋಡಿದಳು. 'ಪಾಪ' ಎನ್ನುತ್ತಾಳೆಂದು ಕಾದೆ, ಅನ್ನಲಿಲ್ಲ. ಮೆಲ್ಲಗೆ, ಸೂಜಿ ನೋವಾಯ್ತದಾ ಅಕ್ಕ ಎಂದು ಕೇಳಿದಳು.

"ಸೂಜಿ ನೋಯೋದಿಲ್ಲ," ಎಂದೆ. "ಪಕ್ಕದಲ್ಲಿ ಯಾರಾದ್ರೂ ಒಬ್ರು ಕೂತಿರ್ಬೇಕು, ಅಷ್ಟೆ."