ನಿಮ್ಮನೇಲೂ ಹೋಯ್ತಾ?

ಕರೆಂಟ್ ಹೋದ ತಕ್ಷಣ ಹೊಳಲ್ಕೆರೆಯ ನಮ್ಮ ಬೀದಿಯಲ್ಲಿ ಯಾರೂ ಬೆಂಕಿಪೊಟ್ಟಣ ಹುಡುಕುವುದಿಲ್ಲ. ಮೊದಲು ಬಾಗಿಲಿಗೆ ಬಂದು, "ನಿಮ್ಮನೇಲೂ ಹೋಯ್ತಾ?" ಎಂದು ಕೇಳುತ್ತಾರೆ. ಎದುರಿನಿಂದ "ಹೂನ್ರೀ, ಇಲ್ಲೂ ಹೋಗೈತೆ" ಎಂದು ಬಂದರೆ ಮುಖದ ಮೇಲೆ ಎಂಥ ನೆಮ್ಮದಿ! ಕತ್ತಲೇನೂ ಕಡಿಮೆಯಾಗಿರುವುದಿಲ್ಲ. ಆದರೆ ಅದೀಗ ಎಲ್ಲರ ಕತ್ತಲು, ಲೈನಿನವರ ತಪ್ಪು. ನಮ್ಮೊಬ್ಬರ ಮನೆಯಲ್ಲೇ ಹೋಗಿದ್ದರೆ ಮಾತ್ರ ಅವಮಾನ. ನಾನೂ ಹೀಗೆ ಕೇಳುವವಳೇ. ಅದಕ್ಕೇ ಈ ಬುದ್ಧಿಯನ್ನು ಧೈರ್ಯವಾಗಿ ಹಳಿಯಬಲ್ಲೆ.

ಆವತ್ತು ಮಧ್ಯಾಹ್ನ ಹೋದ ಕರೆಂಟು ವಾಪಸು ಬರುವಾಗ ಸುಮ್ಮನೆ ಬರಲಿಲ್ಲ. ಬಂತು, ಹೋಯಿತು, ಮತ್ತೆ ದಢಾರನೆ ಬಂತು. ಸಿಟ್ಟು ಮಾಡಿಕೊಂಡು ಹೊರಟ ನೆಂಟ ಮರೆತ ಛತ್ರಿಗಾಗಿ ತಿರುಗಿ ಬಂದ ಹಾಗೆ. ನಮ್ಮ ಮನೆಯವರು ಎಂಜಲು ಕೈಯಲ್ಲೇ ಓಡಿಹೋಗಿ ಕಂಪ್ಯೂಟರಿನ ಹಿಂದಿದ್ದ ವೈರುಗಳನ್ನೆಲ್ಲ ಕಿತ್ತರು. ಪ್ಲಗ್ಗೊಂದನ್ನು ಕಿತ್ತರೆ ಸಾಲದಂತೆ. ಕರೆಂಟು ಯಾವ ತೂತಿನಿಂದ ನುಗ್ಗೀತು ಎಂದು ಹೇಳಲಾಗದಂತೆ. ಅವರು ಹೈಸ್ಕೂಲಿನಲ್ಲಿ ಭೂಗೋಳ ಹೇಳುವ ಮೇಷ್ಟ್ರು; ವಿದ್ಯುತ್ತನ್ನು ನದಿ ಎಂದೇ ತಿಳಿದಿದ್ದಾರೆ. ನೆರೆ ಇಳಿದ ಮೇಲೆ ವೈರುಗಳನ್ನೆಲ್ಲ ಮತ್ತೆ ಸಿಕ್ಕಿಸಿ ಗುಂಡಿ ಒತ್ತಿದರು. ಒಳಗೆ ಗುಂಯ್ ಎಂದಿತು, ದೀಪ ಹತ್ತಿತು. ಪರದೆ ಮಾತ್ರ ಕಪ್ಪು.

"ಗ್ರಾಫಿಕ್ಸ್ ಕಾರ್ಡ್ ಹೋಯ್ತು" ಎಂದು ಸಾರಿ, ತಲೆಯ ಮೇಲೆ ಕೈಹೊತ್ತು ಕೂತರು.

ಮಗಳು ಶ್ವೇತಾಳ ಮದುವೆಯ ವಿಡಿಯೋವನ್ನು ತಾವೇ ಕತ್ತರಿಸಿ ಜೋಡಿಸುತ್ತೇನೆಂದು ಹಠ ಹಿಡಿದು ಇವರು ತಂದ ಕಾರ್ಡು ಅದು. ವಿಡಿಯೋದವನು ಹಾರಿಸುವ ಗುಲಾಬಿ, ಹೃದಯಗಳು ಇವರ ಅಭಿರುಚಿಗೆ ಕಮ್ಮಿ. ಚಿತ್ರವನ್ನು ಪರದೆಗೆ ಮುಟ್ಟಿಸುವುದಷ್ಟೇ ಅದರ ಕೆಲಸ. ಅಷ್ಟಕ್ಕೇ ಇಟ್ಟಿಗೆಯಷ್ಟು ದಪ್ಪ, ಬಿಸಿಯಾಗಬಾರದೆಂದು ಮೈಮೇಲೆ ಎರಡು ಫ್ಯಾನು. ನಮ್ಮ ಅಡುಗೆಮನೆಯಲ್ಲಿ ಒಂದೂ ಇಲ್ಲ. ನಾನು ಬಿಸಿಯಾದರೆ ಪರವಾಗಿಲ್ಲವೆಂದು ಕಾಣುತ್ತದೆ. ಇಷ್ಟೆಲ್ಲ ಸೇವೆ ಪಡೆದೂ, ಮದುವೆ ಮುಗಿದು ತಿಂಗಳುಗಳಾದರೂ, ಇವರ ವಿಡಿಯೋ ಅರಿಶಿನದ ಶಾಸ್ತ್ರವನ್ನೇ ದಾಟಿರಲಿಲ್ಲ.

ಬೇರೆ ದಿನವಾಗಿದ್ದರೆ ಕೆಟ್ಟದ್ದು ಒಳ್ಳೆಯದೇ ಆಯಿತೆನ್ನುತ್ತಿದ್ದೆ. ಆದರೆ ಮಾರನೆಯ ಬೆಳಿಗ್ಗೆ ಶ್ರೀರಾಂಪುರದಿಂದ ಬೀಗರು ಬರುವವರಿದ್ದರು. ಅಳಿಯನ ದೊಡ್ಡಪ್ಪ ಬಸಣ್ಣನವರದು ಒಂದೇ ದೂರು: ಧಾರೆಯಾದ ಮೇಲೆ ಬೀಗರಿಗೆಲ್ಲ ಶಾಲು ಹೊದಿಸಿದರು, ತಮಗೆ ಹೊದಿಸಲಿಲ್ಲ. ನಮ್ಮ ಮನೆಯವರದೂ ಒಂದೇ ಮಾತು: ನನ್ನ ಕೈಯಾರೆ ಹೊದಿಸಿದ್ದೇನೆ. "ಹೊದಿಸಿದ್ದು ವಿಡಿಯೋದಾಗೆ ತೋರಿಸ್ರಿ, ಹುಡುಗೀನ ದೀಪಾವಳಿಗೆ ಕಳಿಸ್ತೀವಿ" ಎಂದು ಆ ಕಡೆಯಿಂದ ತೀರ್ಪು ಬಂದಿತ್ತು. ಮಗಳ ಮೊದಲ ದೀಪಾವಳಿ ಒಂದು ಶಾಲಿನ ಅಂಚಿಗೆ ಗಂಟು ಬಿದ್ದಿತ್ತು. ಶಾಲು ಆ ಕಪ್ಪು ಪರದೆಯ ಹಿಂದೆ ಎಲ್ಲೋ ಇತ್ತು.

ಸುದ್ದಿ ಬೀದಿಗೆ ಬಿತ್ತು. ಬೋರ್‌ವೆಲ್ ಮೋಟರಿಗೆ ಕಾಯಿಲ್ ಸುತ್ತುವ ಪಕ್ಕದ ಮನೆಯ ತಿಪ್ಪೇಸ್ವಾಮಿ ಬಂದು ಮೂಗರಳಿಸಿ, "ಕಾಯಿಲ್ ಸುಟ್ಟೈತೆ ಸಾರ್, ವಾಸನೆ ಬರ್ತಾ ಐತಲ್ಲ" ಎಂದ. ವಾಸನೆ ನನ್ನ ಒಗ್ಗರಣೆಯದು. ಎದುರು ಮನೆ ಗಂಗಮ್ಮ ಮರುಗುತ್ತ ಬಂದಳು. "ಕಾರ್ಡ್ ಹೋಗೈತಂತಲ್ಲೇ? ರೇಷನ್ ಕಾರ್ಡಾ, ಆಧಾರ್ ಕಾರ್ಡಾ? ಒಂದು ಝೆರಾಕ್ಸಾದ್ರೂ ಇಟ್ಕಂಡಿಲ್ವೇನೇ?" ಮೊಬೈಲಿನಲ್ಲಿ ಯಾವನೋ ಒಬ್ಬ ಪಂಡಿತ, ಕಾರ್ಡಿನ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಎಂದ. ಇವರು ಉಜ್ಜಿದರು. ಅಷ್ಟು ಶ್ರದ್ಧೆಯಿಂದ ತಮ್ಮ ಹಲ್ಲುಜ್ಜಿದ್ದನ್ನು ನಾನು ಕಂಡವಳಲ್ಲ.

ನಮ್ಮ ಭಾಷೆಯದೂ ತಪ್ಪಿದೆ ಅನ್ನಿ. ಕರೆಂಟ್ ಹೋಯಿತು, ಬಸ್ ಹೋಯಿತು, ಜೀವ ಹೋಯಿತು, ಮರ್ಯಾದೆ ಹೋಯಿತು: ಎಲ್ಲಕ್ಕೂ ಒಂದೇ ಕ್ರಿಯಾಪದ. 'ಹೋಯಿತು' ಎಂದುಬಿಟ್ಟರೆ ಎಲ್ಲಿಗೆ ಎಂದು ಯಾರೂ ಹುಡುಕುವುದಿಲ್ಲ, ಕೂತು ಅಳುವುದಷ್ಟೇ ಬಾಕಿ. ಹಪ್ಪಳದ ಡಬ್ಬಿ ಕಾಣದಿದ್ದಾಗ ನಾನು ಹಾಗೆ ಕೂರುವುದಿಲ್ಲ, ಅಟ್ಟ ನೋಡುತ್ತೇನೆ.

ದೀಪ ಹಚ್ಚುವ ಹೊತ್ತಿಗೆ ಒರೆಸುವ ಬಟ್ಟೆ ಹಿಡಿದು ಪೆಟ್ಟಿಗೆಯ ಹಿಂದೆ ಬಗ್ಗಿದೆ. ಪರದೆಯ ವೈರಿಗೆ ಒಂದೇ ತರಹದ ಎರಡು ಕಿಂಡಿ, ಮೇಲೆ ಪೆಟ್ಟಿಗೆಯದೇ ಒಂದು, ಕೆಳಗೆ ಕಾರ್ಡಿನಲ್ಲೊಂದು. ಮೇಲಿನದರ ಸುತ್ತ ಹಳೇ ಧೂಳು ಮೆತ್ತಿತ್ತು, ವೈರು ಅದರಲ್ಲಿತ್ತು. ಕೆಳಗಿನದು ಖಾಲಿ, ಆದರೆ ಥಳಥಳ. ದಿನಾ ಉಂಡೆದ್ದ ತಟ್ಟೆ ಯಾವುದು, ಅಟ್ಟದಿಂದ ಇಳಿಸಿದ್ದು ಯಾವುದು ಎಂದು ನನಗೆ ತಿಳಿಯದೇ?

"ರೀ, ಈ ವೈರು ದಿನಾ ಕೆಳಗಡೆ ಇರ್ತಿತ್ತಲ್ಲ? ಇವತ್ತು ಮಹಡಿ ಮನೆಗೆ ಯಾಕೆ ಹೋಗೈತೆ?"

"ಎರಡೂ ಒಂದೇ ಕಣೆ, ನಿಂಗೆ ಅವೆಲ್ಲ ತಿಳಿಯಲ್ಲ."

ಕಿತ್ತು ಕೆಳಗೆ ಸಿಕ್ಕಿಸಿದೆ. ಪರದೆ ಬೆಳಗಿತು. ಇವರು ಕನ್ನಡಕ ಸರಿಮಾಡಿಕೊಂಡು, "ನೋಡು, ರಬ್ಬರಿನಿಂದ ಉಜ್ಜಿದ್ದು ಈಗ ಹಿಡೀತು" ಎಂದರು.

ಬೆಳಿಗ್ಗೆ ಬಸಣ್ಣನವರು ಬಂದರು. "ಬರ್ರಿ, ಕುಂತ್ಕಳ್ರಿ" ಎಂದು ಅವರನ್ನು ಪರದೆಯ ಎದುರೇ ಕೂರಿಸಿದೆವು. ವಿಡಿಯೋದವನು ಕೊಟ್ಟಿದ್ದ, ಇನ್ನೂ ಕತ್ತರಿಸದ ವಿಡಿಯೋವನ್ನೇ ಹಾಕಿದೆವು. ಧಾರೆಯಾಯಿತು, ಬೀಗರ ಮರ್ಯಾದೆ ಶುರುವಾಯಿತು. ನಮ್ಮ ಮನೆಯವರು ಶಾಲು ಬಿಡಿಸಿ ಒಂದು ಹೆಜ್ಜೆ ಮುಂದಿಟ್ಟರು. ಪರದೆ ಕಪ್ಪಾಯಿತು.

"ಏನ್ರಪ್ಪಾ ಮೇಷ್ಟ್ರೇ, ಬೇಕಂತಲೇ ಆರಿಸಿದ್ರಾ?" ಎಂದು ಬಸಣ್ಣನವರು ಎದ್ದೇಬಿಟ್ಟರು. ಇವರು ವೈರು ಕೀಳಲು ಪೆಟ್ಟಿಗೆಯ ಹಿಂದಕ್ಕೆ ನುಗ್ಗಿದರು.

"ಏನೂ ಕೀಳಬ್ಯಾಡ್ರಿ, ದನಿ ಬರ್ತಾ ಐತೆ!" ಎಂದು ನಾನು ಕೂಗಿದೆ.

ಕತ್ತಲು ನಮ್ಮ ಮನೆಯದಲ್ಲ, ವಿಡಿಯೋದೊಳಗಿನದು. ಕಲ್ಯಾಣಮಂಟಪದಲ್ಲಿ ಆ ಗಳಿಗೆಗೇ ಕರೆಂಟ್ ಹೋಗಿತ್ತು, ಗಡಿಬಿಡಿಯಲ್ಲಿ ನಾವು ಅದನ್ನು ಮರೆತೇಬಿಟ್ಟಿದ್ದೆವು.

"ಜನರೇಟ್ರು ಹಾಕ್ರಲೇ!"

"ಅವನು ಉಣ್ಣಾಕೆ ಕುಂತವ್ನೆ!"

ಆಮೇಲೆ ತೀರ ಹತ್ತಿರದಿಂದ, ಯಾರೂ ಅಲ್ಲಗಳೆಯಲಾಗದ ಬಸಣ್ಣನವರ ದಪ್ಪ ಗಂಟಲು: "ಬಾರಲೇ, ಹೋಗಾಣ, ಈ ಕತ್ತಲಾಗೇ ಹೋಗಿ ಪಂಕ್ತಿ ಹಿಡಿಯಾಣ." ಅದರ ಹಿಂದೆಯೇ ನಮ್ಮ ಮನೆಯವರ ಪಾಠದ ದನಿ: "ದೊಡ್ಡವರು ಸ್ವೀಕರಿಸಬೇಕು." ಇನ್ನೊಂದು, ಹೆದರಿದ ದನಿ: "ಅಯ್ಯೋ, ನನಗ್ಯಾಕ್ರೀ? ನಾನು ಪಾಯಸದವ್ನು, ಸಕ್ಕರೆ ಕೇಳಾಕೆ ಬಂದೆ." "ಸಂಕೋಚ ಬ್ಯಾಡ್ರಿ, ಇರಲಿ."

ಬೆಳಕು ಬಂತು. ಭುಜದ ಮೇಲೆ ಜರಿ ಶಾಲು, ಕೈಯಲ್ಲಿ ಸೌಟು, ಕಣ್ಣರಳಿಸಿ ನಿಂತ ಅಡುಗೆಯವನು. ನಮ್ಮ ಮನೆಯವರು ಆಗಲೇ ಕ್ಯಾಮೆರಾದ ಕಡೆ ತಿರುಗಿ ನಗುತ್ತಿದ್ದಾರೆ.

ಮೊದಲು ಬಸಣ್ಣನವರ ಹೊಟ್ಟೆ ನಗೆಯಿಂದ ಕುಲುಕಿತು. ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತ, "ಮೇಷ್ಟ್ರೇ, ನಿಮ್ಮದೂ ಹೋಯ್ತು, ನಮ್ಮದೂ ಹೋಯ್ತು. ಹುಡುಗೀನ ಹಬ್ಬಕ್ಕೆ ಬಂದು ಕರ್ಕಂಡ್ ಹೋಗ್ರಿ" ಎಂದರು. ಅವರ ಮುಖದ ಮೇಲಿದ್ದದ್ದು ನಮ್ಮ ಬೀದಿಯ ಆ ನೆಮ್ಮದಿಯೇ.

ಇಟ್ಟಿಗೆಯಷ್ಟು ದಪ್ಪದ, ಎರಡು ಫ್ಯಾನಿನ ಆ ಕಾರ್ಡು ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡು ಕಡೆಗೆ ತೋರಿಸಿದ್ದು ಒಂದು ಕತ್ತಲನ್ನು. ಅದು ಎರಡೂ ಮನೆಗೆ ಸೇರಿದ ಕತ್ತಲು; ಅದಕ್ಕೇ ದೀಪಾವಳಿಗೆ ಮಗಳು ಬಂದಳು.