ಮುಳ್ಳು ತೆಗೆದ ಮಾತು

ಕಚೇರಿಯಲ್ಲಿ ಎಲ್ಲರೂ ಅವನನ್ನು ಜವಾನಣ್ಣ ಎಂದೇ ಕರೆಯುತ್ತಾರೆ. ಫೈಲು ಹೊರುವುದು, ಗಂಟೆ ಬಾರಿಸಿದರೆ ಓಡುವುದು ಅವನಿಗೆ ಕೊಟ್ಟ ಕೆಲಸ. ತಾನಾಗಿ ಮೈಮೇಲೆ ಹಾಕಿಕೊಂಡ ಕೆಲಸ ಬೇರೆ. ಸಾಹೇಬರು "ಎಲ್ಲಿ ಹಾಳಾಗ್ಹೋದ ಆ ಗುಮಾಸ್ತ? ಎಳ್ಕೊಂಡ್ ಬಾ!" ಎಂದು ಗುಡುಗಿದರೆ, ಗುಮಾಸ್ತನ ಮೇಜಿಗೆ ಬರುವಷ್ಟರಲ್ಲಿ ಅದು "ಸಾಹೇಬ್ರು ನೆನೆಸ್ಕೊಂಡ್ರು, ಒಂಚೂರು ಬಂದು ಹೋಗ್ತೀರಾ?" ಎಂದಾಗಿರುತ್ತಿತ್ತು. ಗುಮಾಸ್ತ "ನನಗೇನು ಹತ್ತು ಕೈ ಇದೆಯಾ ಅಂತ ಕೇಳು" ಎಂದು ಸಿಡುಕಿದರೆ, ಒಳಗೆ ಹೋಗಿ "ಬಂದೇಬಿಟ್ರು ಸಾರ್, ಕನ್ನಡಕ ಹುಡುಕ್ತಿದಾರೆ" ಅನ್ನುತ್ತಿದ್ದ. ಮೀನಿನ ಮುಳ್ಳು ತೆಗೆದು ಮಗುವಿಗೆ ಉಣಿಸುವ ತಾಯಿಯ ಹಾಗೆ ಮಾತಿನ ಮುಳ್ಳು ತೆಗೆದು ಬಡಿಸುತ್ತಿದ್ದ. ಅವನ ದೆಸೆಯಿಂದ ಅಲ್ಲಿ ಯಾರ ಸಿಟ್ಟೂ ಸಂಜೆಯವರೆಗೆ ಬಾಳುತ್ತಿರಲಿಲ್ಲ. ಈಗ ಎಲ್ಲವೂ ಕಚೇರಿಯ ವಾಟ್ಸಾಪ್ ಗ್ರೂಪಿನಲ್ಲಿ. ಸಾಹೇಬರ ಬೈಗುಳ ಮುಳ್ಳುಸಮೇತ ಬಂದು ಬೀಳುತ್ತದೆ, ಗುಮಾಸ್ತ ಒಂದು ಹೆಬ್ಬೆರಳಿನ ಚಿತ್ರ ಒತ್ತಿ, ದಿನವಿಡೀ ಮುಖ ಊದಿಸಿಕೊಂಡು ಕೂರುತ್ತಾನೆ. ಜವಾನಣ್ಣ ಸ್ಟೂಲಿನ ಮೇಲೆ ಆಕಳಿಸುತ್ತಾನೆ. ಓಡಾಡುವಾಗ ಇಲ್ಲದ ದಣಿವು ಕೂತಾಗ ಬಂದಿದೆ. ಮೊನ್ನೆ ಅವನ ಫೋನೂ ಟಿಣ್ ಎಂದಿತು. "ಜವಾನನ ಹುದ್ದೆಯ ಅಗತ್ಯ ಇನ್ನಿಲ್ಲ. ಮುಂದಿನ ತಿಂಗಳಿಂದ ಬರುವುದು ಬೇಡ." ಬರೆದ ಸಾಹೇಬರು ಅವನ ಬೆನ್ನ ಹಿಂದಿನ ಬಾಗಿಲಾಚೆಯೇ ಕೂತಿದ್ದರು. ಕೆಳಗೆ ಗುಮಾಸ್ತನ ಹೆಬ್ಬೆರಳೂ ಇತ್ತು. ಸಂಜೆ ಹೆಂಡತಿ "ಯಾಕೆ ಮಂಕಾಗಿದೀರಾ?" ಎಂದಳು. ಚಪ್ಪಲಿ ಬಿಡುತ್ತಾ ಅವನು ಹೇಳಿದ: "ಸಾಹೇಬ್ರು ಕೂರಿಸ್ಕೊಂಡು ಮಾತಾಡಿದ್ರು ಕಣೇ. ಇಷ್ಟು ವರ್ಷ ನಮಗೋಸ್ಕರ ಓಡಾಡಿದೀಯ, ಇನ್ನು ಮನೇಲಿ ಆರಾಮಾಗಿರು ಅಂದ್ರು."