ಮಾರ್ಚ್ ಕೊನೆಯ ಉಸಿರಾಟ

ಸರ್ಕಾರಿ ನೌಕರರ ಮನೆಗಳಲ್ಲಿ ವರ್ಷ ಮುಗಿಯುವುದು ಡಿಸೆಂಬರಿನಲ್ಲಲ್ಲ, ಮಾರ್ಚಿನಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಮನೆಯ ವರ್ಷವೂ ಹಾಗೆಯೇ ಮುಗಿಯುತ್ತಿತ್ತು. ನನ್ನ ಹೆಂಡತಿ ಸಂತೆಬಾಚಹಳ್ಳಿ ಹೋಬಳಿಯ ಒಂದು ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿ. ಊರಿನವರ ಬಾಯಲ್ಲಿ ನರ್ಸಮ್ಮ. ನಾನು ಶ್ರೀರಂಗಪಟ್ಟಣದಲ್ಲಿದ್ದು ಮೈಸೂರಿನ ಒಂದು ಪತ್ರಿಕೆಗೆ ಸುತ್ತಲಿನ ತಾಲ್ಲೂಕುಗಳ ಸುದ್ದಿ ಬರೆಯುತ್ತಿದ್ದೆ. ಮಗಳು ನನ್ನ ತಾಯಿಯ ಆರೈಕೆಯಲ್ಲಿ ಬೆಳೆಯುತ್ತಿದ್ದಳು. ಭಾನುವಾರ ಒಂದು ದಿನ ಎಲ್ಲರೂ ಒಟ್ಟಿಗೆ ಊಟ. ಸಂಜೆ ತನ್ನ ಅವ್ವ ಕೆಲಸದ ಊರಿನ ಬಸ್ಸಿಗೆ ಹೊರಡುವುದನ್ನು ಮಗು ನೋಡಬಾರದೆಂದು ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕರಿಬೇವಿನ ಗಿಡಕ್ಕೆ ನೀರು ಹಾಕಿಸುವುದು ನನ್ನ ಕೆಲಸ.

ಒಂದು ವರ್ಷ ಕಿರಂಗೂರಿನ ಉಪಕೇಂದ್ರದಲ್ಲಿ ಜಾಗ ಖಾಲಿಯಾಯಿತು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ವರ್ಗಾವಣೆ ಕೇಳಲು ಹೋದಾಗ ಮೇಲಧಿಕಾರಿ ಒಂದೇ ಮಾತು ಹೇಳಿದರು: "ಮಾರ್ಚ್ ಮುಗಿಯೋದ್ರೊಳಗೆ ಗುರಿ ಮುಟ್ಟಿಸಿ ಬನ್ನಿ. ಆಮೇಲೆ ಮಾತಾಡೋಣ."

ಗುರಿ ಎಂದರೆ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಪ್ಪಿಸಿ ಕರೆತರಬೇಕಾದ ಹೆಂಗಸರ ಸಂಖ್ಯೆ. ಒಬ್ಬ ಹೆಂಗಸು ಎಂದರೆ ಒಂದು ಕೇಸು. ಇದು ಆರೋಗ್ಯ ಇಲಾಖೆಯವರಿಗೆ ಮಾತ್ರವಲ್ಲ, ಶಾಲೆಯ ಮೇಷ್ಟ್ರುಗಳಿಗೂ ಗ್ರಾಮ ಲೆಕ್ಕಿಗರಿಗೂ ಇತ್ತು. ಶಿಬಿರಕ್ಕೆ ಯಾರು ಕರೆತಂದರೋ ಅವರ ಹೆಸರಿಗೆ ಕೇಸು. ವರ್ಷವಿಡೀ ಹಾಕಿದ ಚುಚ್ಚುಮದ್ದು, ಮಾಡಿಸಿದ ಹೆರಿಗೆ, ಜ್ವರದವರ ಮನೆ ಮನೆ ಅಲೆದದ್ದು ಯಾವುದೂ ಮಾರ್ಚಿನಲ್ಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಸಭೆಯಲ್ಲಿ ನಿಲ್ಲಿಸಿ ಕೇಳುತ್ತಿದ್ದುದು ಕೇಸು ಎಷ್ಟು ಎಂದು ಮಾತ್ರ.

ಗುರಿ ಮುಟ್ಟಲು ನನ್ನ ಹೆಂಡತಿಗೆ ಇನ್ನೊಂದೇ ಕೇಸು ಬೇಕಿತ್ತು. ಅದು ಯಾರೆಂಬುದೂ ಗೊತ್ತಾಗಿತ್ತು. ಹಾಲು ಕರೆದು ಡೈರಿಗೆ ಹಾಕುವ ಮನೆಯ ಸೊಸೆ. ಅವಳ ಮೂರು ಹೆರಿಗೆಯನ್ನೂ ನನ್ನ ಹೆಂಡತಿಯೇ ಮಾಡಿಸಿದ್ದಳು. ಅವಳು ಒಪ್ಪಿ ವರ್ಷವಾಗಿತ್ತು, ತಡೆದದ್ದು ಅತ್ತೆ. "ಕಬ್ಬು ಕಡ್ದಾಗ್ಲಿ," ಎಂದಳು. ಆಮೇಲೆ, "ಅಸ ಕರ ಆಕ್ಬುಡ್ಲಿ, ನರ್ಸಮ್ಮ. ಇವ್ಳು ಮಲಿಕಂಡ್ರೆ ಅಟ್ಟಿ ಕಸ ಗುಡ್ಸೋರು ಯಾರು?" ಹಸು ಕರು ಹಾಕಿತು. ಮಾರ್ಚ್ ಕೊನೆಯ ವಾರ, ಗುರುವಾರ, ನಾಗಮಂಗಲದಲ್ಲಿ ಆ ವರ್ಷದ ಕೊನೆಯ ಶಿಬಿರ. ಸೊಸೆಯ ತವರೂರು ನಾಗಮಂಗಲದ ಪಕ್ಕದಲ್ಲೇ ಇದ್ದುದರಿಂದ ಅಲ್ಲೇ ಬಾಣಂತಿಯಂತೆ ಮಲಗಿ ಸುಧಾರಿಸಿಕೊಳ್ಳಲಿ ಎಂದು ಎಲ್ಲರೂ ಒಪ್ಪಿದರು. ಶಿಬಿರದ ದಿನ ಬೆಳಿಗ್ಗೆ ತವರಿಗೇ ಬಂದು ಕರೆದುಕೊಂಡು ಹೋಗುವುದಾಗಿ ನನ್ನ ಹೆಂಡತಿ ಮಾತು ಕೊಟ್ಟಳು.

ಬುಧವಾರ ಸಂಜೆ ಆದೇಶ ಬಂತು. ಉಪವಿಭಾಗದ ನಾಲ್ಕೂ ತಾಲ್ಲೂಕುಗಳ ಆರೋಗ್ಯ ಸಹಾಯಕಿಯರು ಮರುದಿನ ಪಾಂಡವಪುರದಲ್ಲಿ ನಡೆಯುವ ಒಂದು ದಿನದ ತರಬೇತಿಗೆ ಕಡ್ಡಾಯವಾಗಿ ಹಾಜರಿರಬೇಕು. ವಿಷಯ: ಕೆಲಸದ ಒತ್ತಡ ನಿವಾರಣೆ. ತರಬೇತಿಗೆಂದು ಬಂದಿದ್ದ ಅನುದಾನ ಖರ್ಚಾಗದೆ ಉಳಿದಿತ್ತು. ಮಾರ್ಚ್ ಮುಗಿದರೆ ವಾಪಸು ಹೋಗುತ್ತಿತ್ತು.

ಪತ್ರಿಕೆಯ ಪರವಾಗಿ ನಾನೂ ಪಾಂಡವಪುರಕ್ಕೆ ಹೋದೆ. ಸಭಾಂಗಣದ ಬಾಗಿಲಲ್ಲಿ ನನ್ನ ಹೆಂಡತಿ ಅಧಿಕಾರಿಯ ಎದುರು ನಿಂತಿದ್ದಳು.

"ಸಾರ್, ನಾಗಮಂಗಲದ ಕ್ಯಾಂಪಿಗೆ ಕೇಸು ಕರ್ಕೊಂಡು ಹೋಗ್ಬೇಕು. ಸಹಿ ಹಾಕಿ ಹೊರಡ್ಲಾ?"

"ಎಲ್ಲರೂ ಹಿಂಗೇ ಅಂದ್ರೆ ಒಳಗೆ ಕೂರೋರು ಯಾರಮ್ಮ? ನಿಮ್ಮ ಒಳ್ಳೇದಕ್ಕೇ ತಾನೇ ಮಾಡ್ತಿರೋದು?"

ಅವಳು ಒಳಗೆ ಹೋಗಿ ಕೊನೆಯ ಸಾಲಿನಲ್ಲಿ ಕುಳಿತಳು. ಯೋಗ ಹೇಳಿಕೊಡುವವರೊಬ್ಬರು ಮೈಸೂರಿನಿಂದ ಬಂದಿದ್ದರು. ಬಿಳಿ ಬಟ್ಟೆ, ಮೃದುವಾದ ದನಿ. ಕಣ್ಣು ಮುಚ್ಚಿ ಎಂದರು. ಮೂಗಿನ ಒಂದು ಹೊಳ್ಳೆಯಿಂದ ಉಸಿರೆಳೆದು ಇನ್ನೊಂದರಿಂದ ಬಿಡಿ ಎಂದರು. ಎದುರಿಗೆ ನದಿಯೊಂದು ನಿಧಾನವಾಗಿ ಹರಿಯುತ್ತಿದೆ ಎಂದುಕೊಳ್ಳಿ ಎಂದರು.

"ನಾಲೇಲೇ ನೀರಿಲ್ಲ, ನದಿ ಎಲ್ಲಿಂದ ತರಾದು?" ಎಂದಿತು ಹಿಂದಿನ ಸಾಲಿನ ಒಂದು ದನಿ.

"ಉಸ್ರು ಬುಡಿ ಅಂತಾವ್ರಲ್ಲ, ಬುಟ್ರೆ ಕೇಸು ಬತ್ತದೇನಕ್ಕ?" ಎಂದಿತು ಇನ್ನೊಂದು.

"ಬತ್ತದೆ ಸುಮ್ನಿರು. ಮೂಗು ಸರ್ಯಾಗಿ ಇಡ್ಕೊ."

ನಗೆ ಸಾಲಿನುದ್ದಕ್ಕೂ ಹರಿಯಿತು. ನನ್ನ ಹೆಂಡತಿ ನಗಲಿಲ್ಲ. ಕಣ್ಣನ್ನೂ ಮುಚ್ಚಿರಲಿಲ್ಲ. ಕಿಟಕಿಯಾಚೆ ನಾಗಮಂಗಲದ ಬಸ್ಸು ನಿಲ್ಲುವ ಕಡೆ ನೋಡುತ್ತಿದ್ದಳು. ಮಧ್ಯಾಹ್ನ ಪುಳಿಯೋಗರೆ, ಮೊಸರನ್ನದ ಪೊಟ್ಟಣ ಹಂಚಿದರು. ಅವಳ ಪೊಟ್ಟಣ ಬಿಚ್ಚದೆ ಬೆಂಚಿನ ಮೇಲೆ ಉಳಿಯಿತು.

ಶುಕ್ರವಾರ ಮೊದಲ ಬಸ್ಸಿಗೆ ಅವಳು ಆ ತವರೂರಿಗೆ ಹೋದಳು. ಸೊಸೆ ಜಗುಲಿಯ ಚಾಪೆಯ ಮೇಲೆ ಮಲಗಿದ್ದಳು. ಶಸ್ತ್ರಚಿಕಿತ್ಸೆ ಆಗಿತ್ತು.

"ನಿಮ್ ದಾರೀನೇ ನೋಡ್ತಾ ಬಾಗ್ಲಲ್ಲಿ ಕುಂತಿದ್ದೆ ಕಣಕ್ಕ," ಎಂದಳಂತೆ. "ಬಿಸ್ಲಾಯ್ತು. ಅಷ್ಟೊತ್ಗೆ ಇಸ್ಕೂಲ್ ಮೇಷ್ಟ್ರು ಜೀಪು ತಂದ್ರು. ನಮ್ಮವ್ವ, ಓಗ್ಬುಡು ಮಗ, ಇನ್ನೊಂದ್ ಸಲ ನಿಮ್ಮತ್ತೆ ಕಳ್ಸಾಕಿಲ್ಲ ಅಂತು. ಮೇಷ್ಟ್ರೂ ಪಾಪ, ಕೇಸು ಕೊಡ್ನಿಲ್ಲ ಅಂತ ಸಂಬ್ಳ ತಡೆದವ್ರಂತೆ. ಯಾರ್ ಕರ್ಕಂಡೋದ್ರೇನಕ್ಕ, ಆಗಿದ್ದು ಅದೇ ಆಪ್ರೇಸನ್ ತಾನೆ?"

ನನ್ನ ಹೆಂಡತಿ ಹೌದೆಂದಳಂತೆ. ಮೇಷ್ಟ್ರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟು ಯಾರ ಮೇಲೆ ಮಾಡಬೇಕೆಂದು ಯೋಚಿಸಿದರೆ ಪ್ರತಿಯೊಬ್ಬರ ಹಿಂದೆಯೂ ಇನ್ನೊಬ್ಬ ಅಧಿಕಾರಿ ನಿಂತಿರುತ್ತಿದ್ದ. ಅದು ಅವಳ ವ್ಯಾಪ್ತಿಯ ಊರಲ್ಲ, ಆದರೂ ವಾರದ ನಂತರ ಮತ್ತೆ ಹೋಗಿ ಹೊಲಿಗೆ ಬಿಚ್ಚಿ ಬಂದಳು. ಬೇರೆ ಯಾರಿಗೂ ಹೊಟ್ಟೆ ಮುಟ್ಟಲು ಬಿಡುವುದಿಲ್ಲವೆಂದು ಆ ಹೆಂಗಸು ಹಟ ಹಿಡಿದಿದ್ದಳು.

ತರಬೇತಿಯ ಸುದ್ದಿ ನಾನು ಬರೆದಂತೆಯೇ ಅಚ್ಚಾಯಿತು. ಸಿಬ್ಬಂದಿ ನಿರಾಳ ಮನಸ್ಸಿನಿಂದ ಕೆಲಸ ಮಾಡಿದರೆ ಗುರಿ ತಾನಾಗಿ ಕೈಗೂಡುತ್ತದೆ ಎಂಬ ಅಧಿಕಾರಿಯ ಮಾತು, ಊರು, ವಾರ, ಎಲ್ಲ ಸರಿಯಾಗಿತ್ತು. ತಿದ್ದುಪಡಿ ಹಾಕಬೇಕಾದ ತಪ್ಪು ಒಂದೂ ಇರಲಿಲ್ಲ.

ಕೆಲವು ವರ್ಷಗಳ ನಂತರ ಸರ್ಕಾರ ಈ ಗುರಿ ಕೊಡುವ ಪದ್ಧತಿಯನ್ನೇ ಕೈಬಿಟ್ಟಿತು. ಅದರಿಂದ ಜನರಿಗೆ ತೊಂದರೆಯಾಗಿತ್ತೆಂದು ಸಭೆಗಳಲ್ಲಿ ಮಾತಾಡಿದರು. ಸಿಬ್ಬಂದಿಯ ವಿಷಯ ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ನನ್ನ ಹೆಂಡತಿಗೆ ಸಂತೆಬಾಚಹಳ್ಳಿಯ ಬಸ್ಸಿನ ಕಂಡಕ್ಟರುಗಳೆಲ್ಲ ನೆಂಟರಂತೆ ಆಗಿದ್ದರು.

ತರಬೇತಿ ನಡೆದ ಆ ವರ್ಷದ ಮೇ ತಿಂಗಳಲ್ಲೇ ಕಿರಂಗೂರಿನ ಜಾಗ ಗುರಿ ಮುಟ್ಟಿಸಿದ ಇನ್ನೊಬ್ಬರಿಗೆ ಹೋಯಿತು. ಸುದ್ದಿ ಮನೆಗೆ ಬಂದದ್ದು ಶನಿವಾರ. ನನ್ನ ತಾಯಿ ಒಮ್ಮೆ ಕೇಳಿದರು, "ಅಂಗಾರೆ ಈ ವರ್ಸಾನೂ ಇಲ್ವಾ?" ಮಗಳು ಅಲ್ಲೇ ಕುಳಿತು ತಟ್ಟೆಯಲ್ಲಿದ್ದ ಅನ್ನ ಕಲಸುತ್ತಿದ್ದಳು. ಮರುದಿನ ಸಂಜೆ ಹೆಂಡತಿ ಚೀಲ ಕೈಗೆತ್ತಿಕೊಂಡಾಗ ಮಗಳನ್ನು ಕರೆಯಲು ನಾನು ಎದ್ದೆ. ಅವಳು ಒಳಗಿರಲಿಲ್ಲ. ನಾನು ಕರೆಯುವ ಮೊದಲೇ ಚೊಂಬು ಹಿಡಿದು ಹಿತ್ತಲಿಗೆ ಹೋಗಿ, ಬೀದಿಗೆ ಬೆನ್ನು ಮಾಡಿ, ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದಳು.